ಗಾರ್ಡ್ ಬಗ್ಗಲಿ, ಚಾಸಿ ಬಗ್ಗದಿರಲಿ

ಮೂಡಿಗೆರೆಯ ತೋಟದ ದಾರಿಯಲ್ಲಿ ದಿನವೂ ಓಡಾಡುವ ನಿಮಗೆ ಕ್ರ್ಯಾಶ್ ಗಾರ್ಡ್ ಖಂಡಿತ ಬೇಕು. ಮಳೆಗಾಲದ ಕೆಸರಿನಲ್ಲಿ ಬೈಕ್ ನಿಧಾನವಾಗಿ ವಾಲಿದರೂ ಎಂಜಿನ್ ಕವರ್ ಒಡೆದು ಆಯಿಲ್ ಸೋರಬಹುದು.

ಆದರೆ 'ದಪ್ಪಗಿದ್ದಷ್ಟೂ ಭದ್ರ' ಎಂಬ ಅಂಗಡಿಯವರ ಮಾತನ್ನು ಒಪ್ಪಬೇಡಿ. ಗಾರ್ಡ್ ತಾನು ಬಗ್ಗಿ ಪೆಟ್ಟನ್ನು ನುಂಗಬೇಕು. ಅದು ಬಗ್ಗದಿದ್ದರೆ ಪೆಟ್ಟು ಅದನ್ನು ಕೂರಿಸಿದ ಬೋಲ್ಟಿಗೆ, ಅಲ್ಲಿಂದ ಚಾಸಿಗೆ ಹೋಗುತ್ತದೆ. ಗಾರ್ಡ್ ಬದಲಿಸುವುದು ಸುಲಭ, ಚಾಸಿ ಹಾಗಲ್ಲ. ಚಾಸಿಗೆ ವೆಲ್ಡಿಂಗ್ ಮಾಡಿಸುವ ಯೋಚನೆಯಂತೂ ಬೇಡವೇ ಬೇಡ. ನಿಮ್ಮ ಮಾಡೆಲ್ಲಿಗೆಂದೇ ಮಾಡಿದ, ಇರುವ ತೂತುಗಳಿಗೇ ಕೂರುವ ಗಾರ್ಡನ್ನೇ ಕೊಳ್ಳಿ.

ಗಾರ್ಡ್ ಕೂರಿಸಲು ಎಂಜಿನ್ ಮೌಂಟಿನ ಬೋಲ್ಟ್ ಬಿಚ್ಚಬೇಕಾದರೆ ಎಂಜಿನ್ ಕೆಳಗೆ ಆಧಾರ ಕೊಟ್ಟು, ಒಂದೊಂದನ್ನೇ ಬಿಚ್ಚಿ. ಮೊದಲು ಎಲ್ಲ ಬೋಲ್ಟನ್ನೂ ಕೈಯಲ್ಲೇ ನಾಲ್ಕು ಸುತ್ತು ಕೂರಿಸಿ, ಆಮೇಲೆ ಬಿಗಿ ಮಾಡಿ. ಒಂದು ಬದಿ ಮೊದಲೇ ಬಿಗಿದರೆ ಇನ್ನೊಂದು ಬದಿಯ ತೂತು ಸೇರುವುದಿಲ್ಲ. ಮೆಕ್ಯಾನಿಕ್ ಸುತ್ತಿಗೆ ಎತ್ತುವುದು ಆಗಲೇ. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ ಬಳಸಿ, ಕಂಪನಿ ಕೈಪಿಡಿಯ ಅಳತೆಗೇ ನಿಲ್ಲಿಸಿ. 200 ಕಿ.ಮೀ. ಓಡಿಸಿ ಮತ್ತೊಮ್ಮೆ ನೋಡಿ.

ಹ್ಯಾಂಡ್ ಗಾರ್ಡ್ ಹಾಕಿಸಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಕ್ಲಚ್ ಕೇಬಲ್ ಎಳೆಯಬಾರದು, ಬ್ರೇಕ್ ಲಿವರ್ ತಾಗಬಾರದು. ಎಂಜಿನ್ನಿನ ಅಡಿಭಾಗ ಕಾಯುವ ಬ್ಯಾಶ್ ಪ್ಲೇಟಿನಲ್ಲಿ ಆಯಿಲ್ ಇಳಿಸಲು ಕಿಂಡಿ ಇರಲಿ.

ಬೈಕ್ ಚೆಂದ ಕಾಣಲೆಂದು ಸೀರೆ ಗಾರ್ಡ್ ತೆಗೆಸುವುದಾಗಿ ಬರೆದಿದ್ದೀರಿ. ದಯವಿಟ್ಟು ತೆಗೆಸಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಅದು ಕಡ್ಡಾಯ. ಹಿಂದೆ ಕೂರುವ ನಿಮ್ಮ ತಾಯಿಯವರ ಸೆರಗು ಚಕ್ರಕ್ಕೆ ಸಿಗದಂತೆ ತಡೆಯುವುದೂ ಅದೇ.