ಒಪ್ಪಿಗೆ ಪತ್ರ ತೋರಿಸಿ, ಹಣ ಕೊಡುತ್ತೇನೆ

ಇಂಗ್ಲೆಂಡಿನ ಕಾನೂನಿನಲ್ಲಿ ಬದುಕಿರುವ ಕಾಡುಜಿಂಕೆಗೆ ಒಡೆಯನಿಲ್ಲ. ಹಾಗಿದ್ದರೆ ಸ್ಟಾಕಿಂಗ್ ಸಿಂಡಿಕೇಟ್, ಅಂದರೆ ಹಣ ಕೊಟ್ಟು ಸೇರುವ ಜಿಂಕೆ ಬೇಟೆಗಾರರ ಕೂಟ, ನಡೆಸುವವನು ವರ್ಷಕ್ಕೆ ಸಾವಿರ ಪೌಂಡ್ ಪಡೆದು ನಮಗೆ ಮಾರುವುದೇನು? ಒಂದು ಜಮೀನಿನೊಳಗೆ ರೈಫಲ್ ಹಿಡಿದು ಕಾಲಿಡುವ ಒಪ್ಪಿಗೆಯನ್ನು. ಆ ಒಪ್ಪಿಗೆ ನಿಜಕ್ಕೂ ಅವನ ಕೈಯಲ್ಲಿದೆಯೇ? ಜಿಂಕೆ ಎಷ್ಟಿವೆ, ಕೊಂಬು ಎಷ್ಟುದ್ದ ಎಂಬ ಮಾತೆಲ್ಲ ಇದಾದ ಮೇಲೆ.

ನಾನು ಕೊಡಗಿನವನು. ಮನೆಯಲ್ಲಿ ಕೋವಿ ಇತ್ತು, ಕೈಲ್ ಪೊಳ್ದ್ ಹಬ್ಬದ ದಿನ ಅದಕ್ಕೆ ಪೂಜೆಯೂ ಇತ್ತು. ಬೇಟೆ ಮಾತ್ರ 1972ರ ವನ್ಯಜೀವಿ ಕಾಯ್ದೆಯ ನಂತರ ಹಿರಿಯರ ನೆನಪಿಗೆ ಸೇರಿತ್ತು. ನಾನೀಗ ಇರುವ ದಕ್ಷಿಣ ಇಂಗ್ಲೆಂಡಿನಲ್ಲಿ ಲೆಕ್ಕ ಬೇರೆ. ತೋಳ, ಲಿಂಕ್ಸ್ ಅಳಿದುಹೋದ ಈ ನಾಡಿನಲ್ಲಿ ಫ್ಯಾಲೋ, ರೋ, ಮಂಟ್‌ಜ್ಯಾಕ್ ಜಿಂಕೆಗಳು ಹೆಚ್ಚಿ ಎಳೆಯ ಸಸಿಗಳನ್ನು ಉಳಿಯಗೊಡುವುದಿಲ್ಲ. ಅವುಗಳ ಸಂಖ್ಯೆ ತಗ್ಗಿಸುವುದು ಕಾಡು ನೋಡಿಕೊಳ್ಳುವ ಕೆಲಸದ ಭಾಗವೇ. ಜಮೀನಿನ ಮಾಲೀಕ ಬೇಟೆಯ ಹಕ್ಕನ್ನು ಒಬ್ಬನಿಗೆ ಗುತ್ತಿಗೆ ಕೊಡುತ್ತಾನೆ; ಅವನು ಬಾಡಿಗೆ ಹೊಂದಿಸಲು ಸದಸ್ಯರನ್ನು ಸೇರಿಸುತ್ತಾನೆ.

ನಾನು ವಿಚಾರಿಸಿದ ಒಬ್ಬನಂತೂ ಬಹಳ ಸಭ್ಯ. ಮುನ್ನೂರು ಎಕರೆ ಕಾಡು, ಎರಡೇ ಜಾಗ ಉಳಿದಿವೆ, ವಾರದೊಳಗೆ ತನ್ನ ಸ್ವಂತ ಖಾತೆಗೆ ಹಣ ಹಾಕಿ ಎಂದ. ಗುತ್ತಿಗೆ ಪತ್ರ ನೋಡಬಹುದೇ ಎಂದು ಕೇಳಿದೆ. ಮಾಲೀಕರಿಗೆ ತೊಂದರೆ ಕೊಡುವುದು ಬೇಡ ಎಂಬ ಉತ್ತರ ಬಂತು. ಬಾಡಿಗೆಯ ಮೊತ್ತ ಮುಚ್ಚಿ ಉಳಿದದ್ದನ್ನು ತೋರಿಸಲು ಯಾರ ಅಡ್ಡಿಯೂ ಇರಲಿಲ್ಲ. ಭೂ ನೋಂದಣಿ ಕಚೇರಿಗೆ 7 ಪೌಂಡ್ ಕಟ್ಟಿ ಆ ಕಾಡಿನ ದಾಖಲೆ ತರಿಸಿಕೊಂಡೆ. ಜಮೀನು ಒಬ್ಬರದು, ಬೇಟೆಯ ಹಕ್ಕನ್ನು ಹಳೆಯ ಮಾಲೀಕರು ಮಾರಾಟದ ಹೊತ್ತಿಗೆ ತಮ್ಮಲ್ಲೇ ಉಳಿಸಿಕೊಂಡಿದ್ದರು. ಇಲ್ಲಿ ಹೀಗಾಗುವುದುಂಟು. ಇಬ್ಬರಲ್ಲಿ ನಿಮಗೆ ಸಹಿ ಹಾಕಿಕೊಟ್ಟವರು ಯಾರು ಎಂದು ಬರೆದೆ. ಉತ್ತರವಿಲ್ಲ. ನಾನೂ ಹಣ ಕಳಿಸಲಿಲ್ಲ.

ಇಲ್ಲಿ ಮುಳುಗುವುದು ಸಾವಿರ ಪೌಂಡ್ ಮಾತ್ರವಲ್ಲ. 1991ರ ಜಿಂಕೆ ಕಾಯ್ದೆಯ ಪ್ರಕಾರ ಮಾಲೀಕನ ಅಥವಾ ಜಮೀನನ್ನು ಅನುಭವಿಸುತ್ತಿರುವವನ ಒಪ್ಪಿಗೆಯಿಲ್ಲದೆ ಜಿಂಕೆ ಹೊಡೆಯಲು ಒಳಹೊಕ್ಕರೆ ಅದು ಅಪರಾಧ. ಒಪ್ಪಿಗೆ ಇದೆಯೆಂದು ನಂಬಿದ್ದೆ ಎಂಬ ಸಮರ್ಥನೆಗೆ ಕಾನೂನಿನಲ್ಲಿ ಜಾಗವಿದೆ, ನಿಜ. ಆದರೆ ಬೆಳಗಿನ ಜಾವ ಪೊಲೀಸರೆದುರು ನಿಂತು ಹಾಗೆ ಹೇಳಬೇಕಾಗಿ ಬಂದವನ ರೈಫಲ್ ಪರವಾನಗಿ ಎಷ್ಟು ದಿನ ಉಳಿದೀತು? ವಲಸೆ ಬಂದು ಬದುಕು ಕಟ್ಟಿಕೊಂಡ ನಮ್ಮಂಥವರು ಈ ಅಪಾಯಕ್ಕೆ ತಲೆ ಕೊಡಲೇಬಾರದು.

ಹಣ ಹೇಗೂ ಬ್ಯಾಂಕ್ ಹಿಂದಿರುಗಿಸುತ್ತದೆ ಎಂದು ಗೆಳೆಯರು ಹೇಳುತ್ತಾರೆ. 2024ರ ಅಕ್ಟೋಬರ್ 7ರಿಂದ ಬ್ರಿಟನ್ನಿನಲ್ಲಿ ವಂಚನೆಗೆ ಸಿಕ್ಕು ಬ್ಯಾಂಕ್ ವರ್ಗಾವಣೆ ಮಾಡಿದವರಿಗೆ 85,000 ಪೌಂಡ್‌ವರೆಗೆ ಮರುಪಾವತಿಯ ನಿಯಮ ಬಂದಿರುವುದು ಹೌದು. ಅದು ವಂಚನೆಗೆ ಮಾತ್ರ. ಕಾಡಿದೆ, ಗುತ್ತಿಗೆಯೂ ಇದೆ, ಆದರೆ ಮುನ್ನೂರು ಎಕರೆಗೆ ಹನ್ನೆರಡು ಸದಸ್ಯರು, ಜಿಂಕೆಗಳೆಲ್ಲ ಪಕ್ಕದ ಎಸ್ಟೇಟಿನಲ್ಲಿ ಎಂದಾದರೆ ಅದು ವ್ಯವಹಾರದ ತಕರಾರು; ಬ್ಯಾಂಕ್ ಕೈ ಚೆಲ್ಲುತ್ತದೆ. ಆದ್ದರಿಂದ ಸದಸ್ಯರ ಸಂಖ್ಯೆಯ ಮಿತಿ ಬರಹದಲ್ಲಿರಲಿ, ಹಿಂದಿನ ಮೂರು ವರ್ಷ ಯಾವ ಜಾತಿಯ ಜಿಂಕೆ ಎಷ್ಟು ಬಿದ್ದವು ಎಂಬ ಪುಸ್ತಕ ಕಣ್ಣಾರೆ ನೋಡಿ. ಮಾಂಸ ಯಾರ ಪಾಲು ಎಂಬುದನ್ನೂ ಕೇಳಿ.

ನಾನು ಕೊನೆಗೆ ಸೇರಿದ ಕಡೆ ನಡೆಸುವವನು ಪತ್ರವನ್ನು ತಾನೇ ಮುಂದಿಟ್ಟ. ಗುತ್ತಿಗೆಗೆ ಇನ್ನೂ ನಾಲ್ಕು ವರ್ಷವಿತ್ತು, ಹಣ ಕೊಡುವ ಸದಸ್ಯರನ್ನು ಕರೆತರಬಹುದು ಎಂಬ ಷರತ್ತೂ ಇತ್ತು. ಈ ಷರತ್ತು ಇಲ್ಲದಿದ್ದರೆ ಗುತ್ತಿಗೆ ಅಸಲಿಯಾಗಿದ್ದರೂ ನಮಗೆ ಉಪಯೋಗವಿಲ್ಲ. ನನಗೆ ಭರವಸೆ ಮೂಡಿದ್ದು ಮಾತ್ರ ಅವನು ನನ್ನನ್ನು ಪರೀಕ್ಷಿಸಿದ ರೀತಿಯಿಂದ. ಪರವಾನಗಿ, ಜಿಂಕೆ ಬೇಟೆಯ ಅರ್ಹತೆಯ ಡಿಎಸ್‌ಸಿ1 ಪ್ರಮಾಣಪತ್ರ, ವಿಮೆ ಎಲ್ಲವನ್ನೂ ನೋಡಿದ. ಗುರಿಹಲಗೆಗೆ ನನ್ನಿಂದ ಗುಂಡು ಹೊಡೆಸಿದ. ಏನನ್ನೂ ಕೇಳದೆ ನನ್ನನ್ನು ಸೇರಿಸಿಕೊಳ್ಳುವವನು ಇತರರನ್ನೂ ಹಾಗೆಯೇ ಸೇರಿಸಿಕೊಂಡಿರುತ್ತಾನೆ. ಅವರೂ ಅದೇ ಕಾಡಿನಲ್ಲಿ ರೈಫಲ್ ಹಿಡಿದು ಓಡಾಡುವವರು.

ಸೇರಬೇಕೆಂದಿರುವವರು ಹಣದ ಮಾತಿಗೆ ಮೊದಲು ಫೆಬ್ರುವರಿಯಲ್ಲಿ ಆ ಕಾಡು ಸುತ್ತಿ ಬನ್ನಿ. ಎಲೆ ಉದುರಿದ ಕಾಲದಲ್ಲಿ ಗೊರಸಿನ ಗುರುತು, ಹಿಕ್ಕೆ, ಜಿಂಕೆಯ ಬಾಯಿ ಎಟುಕುವಷ್ಟು ಎತ್ತರಕ್ಕೆ ಬೋಳಾದ ಪೊದೆಗಳು ಚೆನ್ನಾಗಿ ಕಾಣುತ್ತವೆ. ಹೆಣ್ಣು ಜಿಂಕೆಗಳ ಬೇಟೆಗೆ ಮಾರ್ಚ್ 31ರವರೆಗೆ ಅವಕಾಶವಿರುವುದರಿಂದ ಸಿಂಡಿಕೇಟ್ ನಡೆಸುವವನೂ ಆಗ ಕಾಡಿನಲ್ಲೇ ಇರಬೇಕು. ಜೊತೆಗೆ ನಡೆಯಲು ಅವನು ಒಪ್ಪದಿದ್ದರೆ ಮಾತನ್ನು ಅಲ್ಲಿಗೇ ಮುಗಿಸಿ.