ಐವತ್ತು ಮೀಟರಿನ ಪರೀಕ್ಷೆ

ಪ್ರಶ್ನೆ: ನಮ್ಮದು ಭಾಲ್ಕಿ ಕಡೆ ಹೊಲ. ಬಾಡಿಗೆ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಸೋಯಾಬೀನ್ ಬಿತ್ತಿದರೆ ಒಂದು ವರ್ಷ ದಟ್ಟ, ಇನ್ನೊಂದು ವರ್ಷ ವಿರಳ. ಎಕರೆಗೆ 25 ಕಿಲೋ ಬೀಳುವಂತೆ ಹೇಗೆ ಹೊಂದಿಸಲಿ?

ಉತ್ತರ: ಹೋದ ವರ್ಷದ ಗುರುತಿಗೇ ಹಿಡಿಕೆ ಇಟ್ಟಿರುತ್ತೀರಿ, ಅಲ್ಲವೇ? ಆ ಗುರುತು ಬೀಜ ಬೀಳುವ ರಂಧ್ರದ ಅಳತೆಯಷ್ಟೇ, ಕಿಲೋ ಅಲ್ಲ. ಬೀಜದ ಗಾತ್ರ ಚೀಲದಿಂದ ಚೀಲಕ್ಕೆ ಬೇರೆ.

ಸಾಲಿನ ಅಂತರ 30 ಸೆಂ.ಮೀ. ಇದ್ದರೆ ಒಂದು ಎಕರೆಯ ಸಾಲುಗಳ ಒಟ್ಟು ಉದ್ದ ಸುಮಾರು 13,490 ಮೀಟರ್. 25 ಕಿಲೋವನ್ನು ಅದಕ್ಕೆ ಹಂಚಿದರೆ ಮೀಟರಿಗೆ 1.85 ಗ್ರಾಂ. ಇನ್ನು ಪ್ರತಿ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕೂರಿಗೆಯ ಗಾಲಿ ನೆಲಕ್ಕೆ ತಾಗಿರುವಂತೆ, ಬಿತ್ತುವ ವೇಗದಲ್ಲೇ ಹೊಲದಲ್ಲಿ 50 ಮೀಟರ್ ಓಡಿಸಿ. ಒಂದೊಂದು ಚೀಲದಲ್ಲೂ ಸುಮಾರು 92 ಗ್ರಾಂ ಇರಬೇಕು. ಗಟ್ಟಿ ಅಂಗಳದಲ್ಲಿ ಮಾಡಬೇಡಿ. ಹೊಲದ ಸಡಿಲ ಮಣ್ಣಿನಲ್ಲಿ ಗಾಲಿ ಜಾರುವುದರಿಂದ ಅಂಗಳದ ಲೆಕ್ಕ ಅಲ್ಲಿ ತಪ್ಪುತ್ತದೆ. ಒಂದೇ ಚೀಲ ಹಗುರವಾಗಿದ್ದರೆ ಆ ಕೊಳವೆ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ರೈಜೋಬಿಯಂ ಲೇಪಿಸುವುದಾದರೆ ಲೇಪಿಸಿ, ನೆರಳಲ್ಲಿ ಆರಿಸಿದ ಬೀಜದಿಂದಲೇ ಪರೀಕ್ಷಿಸಿ. ಅಂಟು ಬೀಜ ನಿಧಾನ ಇಳಿಯುತ್ತದೆ.

ಇದಕ್ಕೂ ಮೊದಲು 100 ಬೀಜವನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. 70 ಬಂದರೆ 25 ಕಿಲೋ ಸರಿ. 60 ಮಾತ್ರವಾದರೆ 29 ಕಿಲೋ ಬೇಕು. ಸೋಯಾ ಬೀಜದ ಸಿಪ್ಪೆ ಬಲು ನಾಜೂಕು, ಚೀಲ ಎತ್ತಿ ಬಿಸಾಡಿದರೂ ಮೊಳಕೆ ಕಡಿಮೆಯಾಗುತ್ತದೆ. ಆಳ 3–4 ಸೆಂ.ಮೀ. ಸಾಕು.