ಚಂಡೆಯ ಸದ್ದು ಯಾರದ್ದು?

ಪ್ರಶ್ನೆ: ನನಗೆ 26 ವರ್ಷ. ಊರು ಶಿರಸಿ ಹತ್ತಿರ, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ. ರಾತ್ರಿ ಹೊತ್ತು, ರಜೆಯಲ್ಲಿ ಕೂತು ಯಕ್ಷಗಾನದ ಮೇಲೆ ಒಂದು ಗೇಮ್ ಮಾಡುತ್ತಿದ್ದೇನೆ. ಚಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕಿಸಿದರೆ ವೇಷಧಾರಿ ಮುಂದಿನ ಹಂತಕ್ಕೆ ಹೋಗುತ್ತಾನೆ. ಯೂನಿಟಿ ಎಂಜಿನ್ ಬಳಸಿದ್ದೇನೆ. ಚಿತ್ರಗಳನ್ನು ಕಾಲೇಜಿನ ಗೆಳತಿ ಬರೆದುಕೊಟ್ಟಳು. ಹಿಮ್ಮೇಳದ ಧ್ವನಿ ಮೇಳದ ಆಟಕ್ಕೆ ಹೋದಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದು. ಉಳಿದದ್ದು ನೆಟ್‌ನಲ್ಲಿ ಫ್ರೀ ಸಿಕ್ಕಿದ್ದು. ಕೆಲಸ ಬಿಟ್ಟು ಒಂದು ವರ್ಷದಲ್ಲಿ ಮುಗಿಸಬೇಕೆಂದಿದ್ದೇನೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದುಕೊಡಲು ಒಪ್ಪಿದ್ದಾರೆ. ಈ ನಡುವೆ ಒಬ್ಬ ಪಬ್ಲಿಷರ್ 8 ಲಕ್ಷ ಕೊಡುತ್ತೇವೆ, ಗೇಮಿನ ಹಕ್ಕೆಲ್ಲ ನಮಗಿರಲಿ ಎನ್ನುತ್ತಿದ್ದಾರೆ. ಸಾಲವೋ, ಪಬ್ಲಿಷರೋ? ಲೈಸೆನ್ಸ್ ವಿಚಾರ ಬಿಡುಗಡೆ ಹೊತ್ತಿಗೆ ನೋಡಿಕೊಂಡರೆ ಸಾಕಲ್ಲವೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸಾಲದು. ನೀವು ಕೇಳಿದ್ದು ಹಣದ ಬಗ್ಗೆ. ಆದರೆ ಪಬ್ಲಿಷರಿಗೆ ಬರೆದುಕೊಡೋಣವೆಂದರೂ ಈ ಹೊತ್ತು ನಿಮ್ಮ ಕೈಯಲ್ಲಿ ಆ ಹಕ್ಕು ಪೂರ್ತಿ ಇಲ್ಲ. ಕೋಡ್ ಮಾತ್ರ ನಿಮ್ಮದು, ಅದೂ ಬಹುಶಃ.

ಬಹುಶಃ ಎಂದದ್ದಕ್ಕೆ ಕಾರಣ ನಿಮ್ಮ ನೌಕರಿ. ನೌಕರಿಯ ಭಾಗವಾಗಿ ಮಾಡಿದ ಕೆಲಸಕ್ಕೆ ಮಾಲೀಕ ಕಂಪನಿ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆ. ರಾತ್ರಿ ಮನೆಯಲ್ಲಿ ಕೂತು ಮಾಡಿದ್ದು ಅದರೊಳಗೆ ಬರಬಾರದು, ನಿಜ. ಆದರೆ ನೌಕರಿಯಲ್ಲಿರುವಷ್ಟು ಕಾಲ ನೀವು ಮಾಡುವ ಸಾಫ್ಟ್‌ವೇರ್ ಎಲ್ಲವೂ ನಮ್ಮದೇ ಎಂದು ಬರೆಸಿಕೊಳ್ಳುವ ಕಂಪನಿಗಳಿವೆ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದ ಹುಡುಕಿ ಓದಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಈ ಗೇಮಿನ ಒಂದು ಫೈಲೂ ಇರಬಾರದು. ಅಂಥ ಷರತ್ತು ಕಂಡರೆ ಎಚ್‌ಆರ್‌ನಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಇನ್ನು ಗೆಳತಿ. ಆಕೆಗೆ ನೀವು ದುಡ್ಡು ಕೊಟ್ಟ ಬಗ್ಗೆ ಪತ್ರದಲ್ಲಿ ಏನೂ ಇಲ್ಲ, ಹಾಗಾಗಿ ಕೊಟ್ಟಿಲ್ಲ ಎಂದುಕೊಳ್ಳುತ್ತೇನೆ. ಆಕೆ ನಿಮ್ಮ ನೌಕರಳೂ ಅಲ್ಲ. ಆದ್ದರಿಂದ ಚಿತ್ರಗಳ ಒಡತಿ ಆಕೆಯೇ. ಸ್ನೇಹದಲ್ಲಿ ಬಾಯಿಮಾತೇ ಸಾಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಕಾಯ್ದೆ ಅದನ್ನು ಒಪ್ಪುವುದಿಲ್ಲ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಅದಕ್ಕಿಂತ ಮುಖ್ಯವಾದ ಒಂದು ಅಂಶ ಅನೇಕ ವಕೀಲರಿಗೂ ನೆನಪಿರುವುದಿಲ್ಲ: ಕರಾರಿನಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷಕ್ಕೆ ಎಂದಾಗುತ್ತದೆ, ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದಾಗುತ್ತದೆ. ನೀವು ಮಾರಹೊರಟಿರುವುದು ಬಹುಶಃ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ, ಜಗತ್ತಿಗೆಲ್ಲ. ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ ಎಂದು ಸ್ಪಷ್ಟವಾಗಿ ಬರೆಸಿ. ಬದಲಿಗೆ ಆಕೆಗೆ ಎಷ್ಟು ಪಾಲು ಎಂಬುದನ್ನು ನೀವಿಬ್ಬರೇ ತೀರ್ಮಾನಿಸಿಕೊಳ್ಳಿ. ಆದರೆ ಶೇಕಡಾ ಇಷ್ಟು ಎಂದಷ್ಟೇ ಬರೆದು ನಿಲ್ಲಿಸಬೇಡಿ. ಅಂಗಡಿಯ ಕಮಿಷನ್ ಮತ್ತು ತೆರಿಗೆ ಕಳೆದ ಮೇಲಿನ ಮೊತ್ತದಲ್ಲೋ, ಅದಕ್ಕೂ ಮೊದಲಿನದರಲ್ಲೋ ಎಂದು ಬರೆಯಿರಿ. ಸ್ನೇಹ ಕೆಡುವುದು ಹೆಚ್ಚಾಗಿ ಆ ಸಾಲಿನಲ್ಲಿ.

ಹಿಮ್ಮೇಳದ ರೆಕಾರ್ಡಿಂಗನ್ನು ಪೂರ್ತಿ ತೆಗೆದುಬಿಡಿ. ಪಾರ್ತಿಸುಬ್ಬನ ಕಾಲದ ಪ್ರಸಂಗಗಳ ಪದ್ಯಕ್ಕೆ ಈಗ ಯಾರ ಅಪ್ಪಣೆಯೂ ಬೇಡ. ಇತ್ತೀಚಿನ ಕವಿಯ ಪ್ರಸಂಗವಾದರೆ ಕವಿ ತೀರಿಕೊಂಡ 60 ವರ್ಷದವರೆಗೆ ಅವರ ಅಥವಾ ವಾರಸುದಾರರ ಒಪ್ಪಿಗೆ ಬೇಕು. ಪದ್ಯ ಹಳೆಯದಾದರೂ ಹಾಡಿದ ಭಾಗವತರಿಗೆ, ಬಾರಿಸಿದ ಚಂಡೆ ಮದ್ದಳೆಯವರಿಗೆ ಅವರದೇ ಪ್ರದರ್ಶಕರ ಹಕ್ಕಿದೆ, ಅದು 50 ವರ್ಷ ಉಳಿಯುತ್ತದೆ. ಮನೆಯಲ್ಲಿ ಕೇಳಲು ರೆಕಾರ್ಡ್ ಮಾಡಿಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ. ಮಾರುವ ಗೇಮಿಗೆ ಹಾಕುವುದು ಬೇರೆ. ಕಾನೂನು ಬದಿಗಿರಲಿ, ಕೆಲಸದ ದೃಷ್ಟಿಯಿಂದಲೂ ಆ ಧ್ವನಿ ನಿಮಗೆ ಒದಗದು. ತಾಳಕ್ಕೆ ಹೆಜ್ಜೆ ಕೂಡಿಸುವ ಗೇಮಿಗೆ ಪ್ರತಿ ಪೆಟ್ಟೂ ಬೇರೆ ಬೇರೆ, ಶುದ್ಧವಾಗಿ ಸಿಗಬೇಕು. ರಂಗಸ್ಥಳದ ಗದ್ದಲದಲ್ಲಿ ಫೋನು ಹಿಡಿದದ್ದರಿಂದ ಅದು ಬರುವುದಿಲ್ಲ. ನಿಮ್ಮ ಕಡೆಯವರೇ ಆದ ಒಬ್ಬ ಭಾಗವತರನ್ನೂ ಚಂಡೆಯವರನ್ನೂ ಸ್ಟುಡಿಯೋಕ್ಕೆ ಕರೆಯಿರಿ. ಮರ್ಯಾದೆಯ ಸಂಭಾವನೆ ಕೊಡಿ, ಯಾವುದಕ್ಕೆ ಬಳಸುತ್ತೀರಿ ಎಂದು ತಿಳಿಸಿ, ಸಹಿ ಪಡೆಯಿರಿ, ಗೇಮಿನಲ್ಲಿ ಹೆಸರು ಹಾಕಿ. ಖರ್ಚು ಮಾಡಲೇಬೇಕಾದ ಜಾಗ ಇದು.

ನೆಟ್‌ನಲ್ಲಿ ಸಿಕ್ಕಿದ ಒಂದೊಂದು ಫೈಲಿಗೂ ಎಲ್ಲಿಂದ, ಯಾರದು, ಯಾವ ಲೈಸೆನ್ಸ್ ಎಂದು ಪಟ್ಟಿ ಮಾಡಿ. ಸಿಸಿ (ಕ್ರಿಯೇಟಿವ್ ಕಾಮನ್ಸ್) ಝೀರೋ ಇದ್ದರೆ ನಿಶ್ಚಿಂತೆ. ಸಿಸಿ ಬಿವೈ ಆದರೆ ಹೆಸರು ಹಾಕಬೇಕು. ಎನ್‌ಸಿ ಎಂದಿದ್ದರೆ ವ್ಯಾಪಾರಕ್ಕಿಲ್ಲ, ನೀವು ಮಾರುವುದರಿಂದ ತೆಗೆಯಿರಿ. ಮೂಲ ಗೊತ್ತಾಗದ್ದನ್ನೂ ತೆಗೆಯಿರಿ. ಕನ್ನಡ ಅಕ್ಷರಕ್ಕೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಬಳಸಿ, ಎರಡೂ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ.

ಯೂನಿಟಿ ಬಗ್ಗೆ ಹೆದರಬೇಕಿಲ್ಲ. ಹಿಂದಿನ 12 ತಿಂಗಳಲ್ಲಿ ಆದಾಯ, ಬಂಡವಾಳ ಎರಡೂ ಸೇರಿ 2 ಲಕ್ಷ ಡಾಲರ್ ಮೀರದವರಿಗೆ ಅದರ ಪರ್ಸನಲ್ ಆವೃತ್ತಿ ಉಚಿತ. 2023ರ ಸೆಪ್ಟೆಂಬರಿನಲ್ಲಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಎಂದು ಘೋಷಿಸಿ ಗೇಮ್ ಮಾಡುವವರನ್ನೆಲ್ಲ ಕಂಗೆಡಿಸಿದರು, ಮರುವರ್ಷ ಪೂರ್ತಿ ಕೈಬಿಟ್ಟರು. ಅಂಥ ಕಿರಿಕಿರಿಯೇ ಬೇಡ ಎನ್ನುವವರು ಎಂಐಟಿ ಲೈಸೆನ್ಸಿನ ಉಚಿತ ಎಂಜಿನ್ ಗೋಡೋಗೆ ಹೋದರು. ಅದರ ನಾಲ್ಕನೇ ಆವೃತ್ತಿಯಲ್ಲಿ ನಮ್ಮ ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರವನ್ನು ಒಡೆದು ಹಾಕುವುದನ್ನು ನೀವೂ ಕಂಡಿರಬೇಕು. ಹಾಗೆಂದು ಅರ್ಧ ದಾರಿಯಲ್ಲಿ ಎಂಜಿನ್ ಬದಲಿಸಬೇಡಿ, ಮುಂದಿನ ಗೇಮಿಗೆ ಯೋಚಿಸಿ.

ಈಗ ಹಣ. ತೋಟದ ಮೇಲೆ ಸಾಲ ಖಂಡಿತ ಬೇಡ. ಲೆಕ್ಕ ಹಾಕಿ ನೋಡಿ. ಬೆಲೆ 400 ರೂಪಾಯಿ ಇಟ್ಟು ಸಾವಿರ ಪ್ರತಿ ಮಾರಿದಿರಿ ಎನ್ನೋಣ. ಸ್ಟೀಮ್ ಶೇ 30 ಹಿಡಿಯುತ್ತದೆ, ಉಳಿಯುವುದು 2 ಲಕ್ಷದ 80 ಸಾವಿರ. ಅದರಲ್ಲೂ ತೆರಿಗೆ, ರಿಯಾಯಿತಿ, ಎರಡು ಗಂಟೆಯೊಳಗೆ ಆಡಿ ವಾಪಸು ಕೊಟ್ಟವರ ಹಣ ಕಳೆಯಬೇಕು. ಗೆಳತಿಯ ಪಾಲೂ ಇದೆ. ಮೊದಲ ಗೇಮಿಗೆ ಸಾವಿರ ಪ್ರತಿ ಹೋಗುವುದು ಸುಲಭವಲ್ಲ. ಅಡಿಕೆ ಧಾರಣೆ, ಕೊಳೆರೋಗದ ನಡುವೆ ಈ ಕಂತನ್ನೂ ಅಪ್ಪನ ತಲೆಗೆ ಕಟ್ಟಬೇಡಿ. ಅವರು ಒಪ್ಪಿದ್ದಾರೆ ಎಂಬುದು ಅವರ ಪ್ರೀತಿ, ಬೇಡ ಎನ್ನಬೇಕಾದವರು ನೀವು.

ಅಸಲಿಗೆ ನಿಮಗೆ ಬೇಕಿರುವ ದುಡ್ಡು ಕಡಿಮೆ. ಸ್ಟೀಮ್‌ಗೆ ಗೇಮ್ ಸೇರಿಸಲು 100 ಡಾಲರ್, ಮಾರಾಟ ಸಾವಿರ ಡಾಲರ್ ಮುಟ್ಟಿದರೆ ಅದೂ ಮರಳಿ ಬರುತ್ತದೆ. ಅಲ್ಲಿನ ತೆರಿಗೆ ಫಾರಂನಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತ–ಅಮೆರಿಕ ಒಪ್ಪಂದದ ಲಾಭ ಕೇಳಿಕೊಳ್ಳಿ, ಅಮೆರಿಕದ ಮಾರಾಟದ ಮೇಲೆ ಶೇ 30ರ ಬದಲು 15 ಹಿಡಿಯುತ್ತಾರೆ. ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಆನ್‌ಲೈನಿನಲ್ಲಿ ಹಾಕಿದರೆ ವ್ಯಕ್ತಿಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಸ್ಟುಡಿಯೋ, ಸಂಭಾವನೆ, ವಕೀಲರ ಫೀಸು ಸೇರಿಸಿದರೂ ಸಂಬಳದಲ್ಲಿ ಉಳಿಸಿ ಹೊಂದಿಸಬಹುದು. ಕೆಲಸ ಬಿಡುವ ಬದಲು ಗೇಮನ್ನೇ ಚಿಕ್ಕದು ಮಾಡಿ: ಒಂದೇ ಪ್ರಸಂಗ, ಎರಡು ಗಂಟೆಯ ಆಟ. ಡೆಮೊ ಹಾಕಿ ಜನ ಏನೆನ್ನುತ್ತಾರೆ ನೋಡಿ, ರಾಜೀನಾಮೆ ವಿಚಾರ ಆಮೇಲೆ.

ಸರ್ಕಾರದ ಎಲಿವೇಟ್ ಅನುದಾನ ಇದೆ, ಆದರೆ ಅದು ನೋಂದಾಯಿತ ಸ್ಟಾರ್ಟಪ್‌ಗಳ ನಡುವಿನ ಸ್ಪರ್ಧೆ. ಆಡಿ ತೋರಿಸುವಂಥದ್ದು ಕೈಯಲ್ಲಿದ್ದರೆ ಮಾತ್ರ ಹೋಗಿ. ಜನರಿಂದ ಹಣ ಎತ್ತುವುದೂ ನಂಬಿ ಕೂರುವಂಥದ್ದಲ್ಲ. ಪುಣೆಯ ತಂಡವೊಂದರ ‘ರಾಜಿ’ ಗೇಮಿಗೆ 2017ರಲ್ಲಿ ಕಿಕ್‌ಸ್ಟಾರ್ಟರ್ ಗುರಿ ಮುಟ್ಟಲಿಲ್ಲ. ಎಪಿಕ್ ಕಂಪನಿಯ ಅನುದಾನ ಸಿಕ್ಕಿ, 2020ರಲ್ಲಿ ಅದು ಹೊರಬಂತು.

ಪಬ್ಲಿಷರಿಗೆ ಈಗಲೇ ಬೇಡ ಎನ್ನಬೇಕಿಲ್ಲ. 8 ಲಕ್ಷಕ್ಕೆ ಹಕ್ಕೆಲ್ಲ ಎಂದರೆ ಮುಂದಿನ ಭಾಗ, ಪಾತ್ರ, ಹೆಸರು ಎಲ್ಲವೂ ಹೋಯಿತು. ಇಷ್ಟು ವರ್ಷಕ್ಕೆ ಮಾರುವ ಪರವಾನಗಿ ಕೊಡುತ್ತೇನೆ, ಒಡೆತನ ನನ್ನದು ಎಂದು ಕೇಳಿ. ಕೊಟ್ಟ ಮುಂಗಡ ವಸೂಲಾದ ಮೇಲೆ ನಿಮಗೆಷ್ಟು, ವಸೂಲಿಗೆ ಅವರು ಯಾವ ಯಾವ ಖರ್ಚು ಸೇರಿಸುತ್ತಾರೆ, ಲೆಕ್ಕ ಎಷ್ಟು ತಿಂಗಳಿಗೊಮ್ಮೆ ತೋರಿಸುತ್ತಾರೆ, ಬಿಡುಗಡೆ ಮಾಡದೆ ಕೂತರೆ ಹಕ್ಕು ಯಾವಾಗ ವಾಪಸು, ಇವೆಲ್ಲ ಕರಡಿನಲ್ಲಿ ಬರಲಿ. ಅದಕ್ಕೂ ಮೊದಲು ಗೆಳತಿಯ ಸಹಿ ಆಗಿರಬೇಕು. ಇಲ್ಲದಿದ್ದರೆ ಎಲ್ಲ ಹಕ್ಕೂ ನನ್ನ ಬಳಿ ಇದೆ ಎಂದು ನೀವು ಬರೆದುಕೊಡುವ ಸಾಲು ಸುಳ್ಳಾಗಿ, ಹೊಣೆಯೆಲ್ಲ ನಿಮ್ಮ ಮೇಲೆಯೇ ಬರುತ್ತದೆ. ಕರಡನ್ನು ಕೃತಿಸ್ವಾಮ್ಯದ ವಕೀಲರಿಗೆ ತೋರಿಸಿ. ಓದಲು ಎರಡು ವಾರ ಕೇಳಿ. ಅಷ್ಟೂ ಕಾಯಲಾಗದ ಪಬ್ಲಿಷರನ್ನು ಬಿಟ್ಟುಬಿಡಿ.